ನೋವುನಿವಾರಕ ಗುಳಿಗೆ: ಸಾಲವೂ ಬಡ್ಡಿಯೂ

ನೋವು ಮಾನವನ ಹುಟ್ಟಿನೊಡನೆ ಬಂದದ್ದು. ಅದನ್ನು ನೀಗಿಕೊಳ್ಳಬೇಕೆಂಬ ಹಂಬಲವೂ ಅಷ್ಟೇ ಹಳೆಯದು. ಬೆಂಕಿಯನ್ನು ಮುಟ್ಟಿದ ಮಗು ಥಟ್ಟನೆ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದು ನೋವಿನ ಕೃಪೆಯಿಂದಲೇ. ಆದ್ದರಿಂದ ನೋವು ದೇಹದ ಕಾವಲುಗಾರ. ಆದರೆ ಈ ಕಾವಲುಗಾರನು ಎಚ್ಚರಿಸುವ ಕೆಲಸ ಮುಗಿದ ಮೇಲೂ ಹಗಲಿರುಳು ಕೂಗುತ್ತಲೇ ಇದ್ದರೆ ಬಾಳು ದುಸ್ಸಹವಾಗುತ್ತದೆ. ಆಗ ಮನುಷ್ಯನು ಔಷಧಿಯ ಮೊರೆ ಹೊಗುತ್ತಾನೆ. ಹಾಗೆ ಮೊರೆಹೊಕ್ಕ ಔಷಧಿಯೇ ಕೆಲವೊಮ್ಮೆ ನೋವಿಗಿಂತ ಕ್ರೂರನಾದ ಯಜಮಾನನಾಗಿ ಪರಿಣಮಿಸಬಲ್ಲದು ಎಂಬುದನ್ನು ಪ್ರತಿಯೊಂದು ಸಂಸಾರವೂ ಅರಿತಿರುವುದು ಅವಶ್ಯಕ.

ಮಧ್ಯ ರೈಲ್ವೆಯ ಕಸಾರಾ ಮಾರ್ಗದಲ್ಲಿ ಕಲ್ಯಾಣದಿಂದಾಚೆಗೆ ಇರುವ ಟಿಟ್ವಾಳಾ, ಮಹಾಗಣಪತಿಯ ದೇವಾಲಯದಿಂದ ಪ್ರಸಿದ್ಧವಾದ ಊರು. ಅಲ್ಲಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಸುಮಾರು 64 ಕಿಲೋಮೀಟರ್ ದೂರ. ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ, ರಾತ್ರಿಯ ಗಾಡಿಯಲ್ಲಿ ನಿಂತು ಬರುವ ಉದ್ಯೋಗಸ್ಥನಿಗೆ ಸೊಂಟನೋವು ಅಪರಿಚಿತವಲ್ಲ. ಹೋಟೆಲಿನ ಅಡಿಗೆಮನೆಯಲ್ಲಿ ಇಡೀ ದಿನ ನಿಂತು ದುಡಿಯುವವನಿಗೆ ಮಂಡಿ ನೋಯುತ್ತದೆ; ಡೊಂಬಿವಲಿ, ಅಂಬರನಾಥಗಳ ಕಾರ್ಖಾನೆಗಳಲ್ಲಿ ಭಾರ ಎತ್ತುವವನಿಗೆ ಭುಜ ನೋಯುತ್ತದೆ; ಮನೆಗೆಲಸದೊಡನೆ ನೌಕರಿಯನ್ನೂ ನಿಭಾಯಿಸುವ ಗೃಹಿಣಿಗೆ ತಲೆ ನೋಯುತ್ತದೆ. ಒಂದು ದಿನದ ರಜೆ ಎಂದರೆ ಒಂದು ದಿನದ ಸಂಬಳ ಎಂದು ಲೆಕ್ಕ ಹಾಕಬೇಕಾದ ಬಾಳಿನಲ್ಲಿ ವೈದ್ಯರ ಬಳಿಗೆ ಹೋಗುವುದಕ್ಕಿಂತ ರೈಲ್ವೆ ಸ್ಟೇಷನ್ನಿನ ಹೊರಗಿನ ಔಷಧಿ ಅಂಗಡಿಯಲ್ಲಿ ನಿಂತು “ನೋವಿಗೆ ಏನಾದರೂ ಕೊಡಿ” ಎಂದು ಕೇಳುವುದೇ ಸುಲಭವೆನಿಸುತ್ತದೆ. ಈ ಲೇಖನದ ವಿಷಯವು ಆ ಒಂದು ಮಾತಿನಿಂದಲೇ ಆರಂಭವಾಗುತ್ತದೆ.

ಎರಡು ಬಗೆಯ ಗುಳಿಗೆಗಳು

ನೋವಿಗೆಂದು ಕೊಡುವ ಗುಳಿಗೆಗಳೆಲ್ಲ ಒಂದೇ ಜಾತಿಯವಲ್ಲ. ಪ್ಯಾರಸಿಟಮಾಲ್, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದವು ಒಂದು ಪಂಗಡ. ಇವುಗಳನ್ನು ಮಿತಿಮೀರಿ ಸೇವಿಸಿದರೆ ಯಕೃತ್ತು, ಮೂತ್ರಪಿಂಡ, ಜಠರಗಳಿಗೆ ಹಾನಿಯುಂಟು. ಆದರೆ ಅಮಲು ಇಲ್ಲ, ಚಟವೂ ಇಲ್ಲ. ಎರಡನೆಯ ಪಂಗಡವು ಅಫೀಮಿನ ಬಂಧುಬಳಗ. ಮಾರ್ಫಿನ್, ಕೋಡೀನ್, ಪೆಥಿಡಿನ್, ಫೆಂಟಾನಿಲ್, ಟ್ರಮಡಾಲ್, ಟೆಪೆಂಟಡಾಲ್ ಇವೆಲ್ಲ ಈ ಬಳಗಕ್ಕೆ ಸೇರಿದವು. ಇವುಗಳಿಗೆ ವೈದ್ಯರು ‘ಒಪಿಯಾಯ್ಡ್’ ಎಂಬ ಸಾಮಾನ್ಯ ಹೆಸರನ್ನು ಬಳಸುತ್ತಾರೆ. ಮೊದಲನೆಯ ಪಂಗಡವು ಹೆಚ್ಚಾಗಿ ನೋವಿನ ಮೂಲಸ್ಥಾನದಲ್ಲಿ, ಅಂದರೆ ಊದಿದ ಕೀಲಿನಲ್ಲಿ ಅಥವಾ ಗಾಯದಲ್ಲಿ ಕೆಲಸ ಮಾಡಿದರೆ, ಎರಡನೆಯದು ಮೆದುಳು ಮತ್ತು ಬೆನ್ನುಹುರಿಯಲ್ಲಿ ಕುಳಿತು ನೋವಿನ ಸುದ್ದಿಯನ್ನೇ ತಡೆಹಿಡಿಯುತ್ತದೆ.

ಸಾಮಾನ್ಯ ಜನರಿಗೆ ಈ ವ್ಯತ್ಯಾಸ ತಿಳಿಯದಿರಲು ಒಂದು ಕಾರಣವುಂಟು. ಮಾರುಕಟ್ಟೆಯಲ್ಲಿ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಎರಡೂ ಕೂಡಿದ ಗುಳಿಗೆಗಳು ದೊರೆಯುತ್ತವೆ. ಪಟ್ಟಿಯ ಮೇಲೆ ಪ್ಯಾರಸಿಟಮಾಲ್ ಎಂಬ ಪರಿಚಿತ ಹೆಸರನ್ನು ಕಂಡವರು “ಇದು ಜ್ವರದ ಗುಳಿಗೆಯೇ” ಎಂದು ಭಾವಿಸಿ ಅದರ ಪಕ್ಕದಲ್ಲಿರುವ ಇನ್ನೊಂದು ಹೆಸರನ್ನು ಓದುವ ಗೋಜಿಗೆ ಹೋಗುವುದಿಲ್ಲ. ಕೆಮ್ಮಿನ ಔಷಧಿಗಳಲ್ಲಿ ಕೆಲವು ಕೋಡೀನನ್ನು ಒಳಗೊಂಡಿರುತ್ತವೆ ಎಂಬುದೂ ಹಲವರಿಗೆ ತಿಳಿಯದು.

ಅಫೀಮಿನಿಂದ ಪ್ರಯೋಗಶಾಲೆಗೆ

ಗಸಗಸೆಯ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅದರಲ್ಲಿರುವ ನೋವುನಾಶಕ ಸತ್ತ್ವವನ್ನು 1805ರ ಸುಮಾರಿಗೆ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧ ತಯಾರಕನು ಬೇರ್ಪಡಿಸಿದನು. ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್ಸನ ಹೆಸರಿನಿಂದ ಅದು ಮಾರ್ಫಿನ್ ಎನಿಸಿತು. ಮಾರ್ಫಿನ್ ಚಟ ಹಿಡಿಸುತ್ತದೆಂದು ಅರಿವಾದಾಗ ಚಟ ಹಿಡಿಸದ ಬದಲಿ ಔಷಧಿಗಾಗಿ ಹುಡುಕಾಟ ಪ್ರಾರಂಭವಾಯಿತು. 1898ರಲ್ಲಿ ಬೇಯರ್ ಕಂಪನಿಯು ಮಾರ್ಫಿನಿನಿಂದಲೇ ತಯಾರಿಸಿದ ಒಂದು ಔಷಧಿಯನ್ನು ಕೆಮ್ಮಿಗೆಂದು ಮಾರುಕಟ್ಟೆಗೆ ತಂದಿತು. ಅದರ ಹೆಸರು ಹೆರಾಯಿನ್! ಅದರ ಮುಂದಿನ ಕಥೆಯನ್ನು ವಿವರಿಸಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರಜ್ಞರು ಗಸಗಸೆ ಗಿಡದ ಹಂಗಿಲ್ಲದೆಯೇ ಅಫೀಮಿನ ಗುಣವುಳ್ಳ ವಸ್ತುಗಳನ್ನು ಪ್ರಯೋಗಶಾಲೆಯಲ್ಲಿ ನಿರ್ಮಿಸಲು ಕಲಿತರು. 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಪೆಥಿಡಿನ್ ಮತ್ತು ಮೆಥಡೋನ್ ಜನಿಸಿದವು. 1960ರಲ್ಲಿ ಬೆಲ್ಜಿಯಮ್ಮಿನ ಪಾಲ್ ಯಾನ್ಸೆನ್ ಎಂಬ ವಿಜ್ಞಾನಿಯು ಫೆಂಟಾನಿಲನ್ನು ಸಿದ್ಧಪಡಿಸಿದನು. ಅದರ ಶಕ್ತಿ ಮಾರ್ಫಿನಿಗಿಂತ 50ರಿಂದ 100 ಪಟ್ಟು ಹೆಚ್ಚು. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆ ತಜ್ಞರ ಕೈಯಲ್ಲಿ ಇಂದಿಗೂ ಅದು ಅಮೂಲ್ಯವಾದ ಸಾಧನ. ಅದರ ಸಂಬಂಧಿಯಾದ ಕಾರ್ಫೆಂಟಾನಿಲ್ ಮಾರ್ಫಿನಿಗಿಂತ ಸುಮಾರು 10,000 ಪಟ್ಟು ಪ್ರಬಲವಾಗಿದ್ದು, ಆನೆಯಂಥ ಮಹಾಕಾಯ ಪ್ರಾಣಿಗಳನ್ನು ಮಂಪರಿಗೆ ತರಲು ಬಳಕೆಯಾಗುತ್ತದೆ. 1977ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದ ಟ್ರಮಡಾಲ್ ಮಾರ್ಫಿನಿಗಿಂತ ಬಹಳ ಸೌಮ್ಯ. ಈ ಸೌಮ್ಯತೆಯೇ ಅದರ ಬಗ್ಗೆ ಜನರಲ್ಲಿಯೂ ಹಲವು ವೈದ್ಯರಲ್ಲಿಯೂ ಅತಿಯಾದ ವಿಶ್ವಾಸವನ್ನು ಹುಟ್ಟಿಸಿತು.

ಇನ್ನೂರು ವರ್ಷಗಳ ಈ ಇತಿಹಾಸದಲ್ಲಿ ಒಂದು ಪಾಠ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಳೆಯ ಔಷಧಿಗಿಂತ ಹೊಸದು ನಿರಪಾಯಕರವೆಂಬ ಭರವಸೆಯೊಡನೆ ಬಂದದ್ದು ಹಲವು ಸಲ. ಆ ಭರವಸೆ ಪೂರ್ಣವಾಗಿ ಈಡೇರಿದ್ದು ಒಮ್ಮೆಯೂ ಇಲ್ಲ.

ದೇಹದೊಳಗಿನ ಬೀಗ ಮತ್ತು ಕೀಲಿಕೈ

ಹೊರಗಿನ ಒಂದು ಗಿಡದ ಹಾಲು ಮನುಷ್ಯನ ಮೆದುಳಿನಲ್ಲಿ ಇಷ್ಟು ಪ್ರಭಾವ ಬೀರಲು ಕಾರಣವೇನು? ಈ ಪ್ರಶ್ನೆಗೆ 1970ರ ದಶಕದಲ್ಲಿ ಉತ್ತರ ದೊರೆಯಿತು. 1973ರಲ್ಲಿ ಮೆದುಳಿನ ಜೀವಕೋಶಗಳ ಮೇಲೆ ಅಫೀಮು ಸತ್ತ್ವವು ಕೀಲಿಕೈಯಂತೆ ಹೊಂದಿಕೊಳ್ಳುವ ಬೀಗಗಳಿವೆ ಎಂಬುದು ಪತ್ತೆಯಾಯಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಸ್ ಎಂಬ ವಿಜ್ಞಾನಿಗಳು ಆ ಬೀಗಗಳಿಗೆ ದೇಹವೇ ತಯಾರಿಸಿಕೊಳ್ಳುವ ಸ್ವಂತ ಕೀಲಿಕೈಗಳನ್ನು ಕಂಡುಹಿಡಿದರು. ಅಂದರೆ ನೋವನ್ನು ಶಮನಗೊಳಿಸುವ ಸಣ್ಣದೊಂದು ಬಂಡವಾಳ ದೇಹದಲ್ಲಿ ಸ್ವಾಭಾವಿಕವಾಗಿಯೇ ಇದೆ. ಅಫೀಮಿನ ಬಳಗದ ಔಷಧಿಗಳು ಅದೇ ಬೀಗವನ್ನು ಅನೇಕ ಪಟ್ಟು ಹೆಚ್ಚಿನ ಬಲದಿಂದ ತೆರೆಯುತ್ತವೆ.

ಇದನ್ನು ಸಾಲದ ವ್ಯವಹಾರಕ್ಕೆ ಹೋಲಿಸಬಹುದು. ಗುಳಿಗೆಯನ್ನು ನುಂಗಿದಾಗ ದೊರೆಯುವ ನೆಮ್ಮದಿಯು ಸ್ವಂತ ಗಳಿಕೆಯದಲ್ಲ, ಕಡವಾಗಿ ತಂದದ್ದು. ಶಸ್ತ್ರಚಿಕಿತ್ಸೆಯ ನಂತರದ ಮೂರು ನಾಲ್ಕು ದಿನಗಳಿಗೆಂದು ವೈದ್ಯರ ಸಲಹೆಯಂತೆ ಪಡೆದ ಅಲ್ಪಾವಧಿ ಸಾಲವು ಸುಲಭವಾಗಿ ತೀರುತ್ತದೆ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಅದೇ ಗುಳಿಗೆಯನ್ನು ಮುಂದುವರಿಸಿದರೆ ಮೆದುಳು ಹೊಸ ಪರಿಸ್ಥಿತಿಗೆ ಹೊಂದಿಕೊಂಡು, ತನ್ನ ಬೀಗಗಳನ್ನು ಮಂದಗೊಳಿಸುತ್ತದೆ. ಮೊದಲು ಒಂದು ಗುಳಿಗೆಯಿಂದ ದೊರೆಯುತ್ತಿದ್ದ ಉಪಶಮನಕ್ಕೆ ಈಗ ಎರಡು ಬೇಕು, ನಂತರ ನಾಲ್ಕು. ಇದು ಚಕ್ರಬಡ್ಡಿ. ಕೊನೆಗೊಂದು ದಿನ ಗುಳಿಗೆಯನ್ನು ನಿಲ್ಲಿಸಿದರೆ ದೇಹವು ಬಾಕಿಯನ್ನೆಲ್ಲ ಒಮ್ಮೆಲೇ ವಸೂಲು ಮಾಡಲು ತೊಡಗುತ್ತದೆ: ಮೈಕೈ ಸೆಳೆತ, ಆಕಳಿಕೆ, ಮೂಗು ಕಣ್ಣುಗಳಲ್ಲಿ ನೀರು, ಹೊಟ್ಟೆನುಲಿತ, ಭೇದಿ, ರೋಮಾಂಚನ, ನಿದ್ರಾಹೀನತೆ, ತಡೆಯಲಾರದ ಚಡಪಡಿಕೆ. ಈ ಯಾತನೆಯಿಂದ ತಪ್ಪಿಸಿಕೊಳ್ಳಲೆಂದೇ ಮನುಷ್ಯನು ಮತ್ತೆ ಗುಳಿಗೆಯನ್ನು ನುಂಗುತ್ತಾನೆ. ಆಗ ಅವನು ನುಂಗುತ್ತಿರುವುದು ಸೊಂಟನೋವಿಗಲ್ಲ, ಗುಳಿಗೆಯಿಂದ ಹುಟ್ಟಿದ ನೋವಿಗೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನೋವನ್ನು ತಡೆಯುವ ಬೀಗಗಳಂಥವೇ ಉಸಿರಾಟವನ್ನು ನಡೆಸುವ ಮೆದುಳಿನ ಭಾಗದಲ್ಲಿಯೂ ಇವೆ. ಔಷಧಿಯ ಪ್ರಮಾಣ ಮಿತಿಮೀರಿದರೆ ಉಸಿರಾಟ ನಿಧಾನವಾಗಿ, ಕೊನೆಗೆ ನಿಂತೇ ಹೋಗುತ್ತದೆ. ಮದ್ಯ ಅಥವಾ ನಿದ್ರೆಯ ಗುಳಿಗೆಯು ಜೊತೆಗೂಡಿದರಂತೂ ಮಿತಿಯೊಳಗಿನ ಪ್ರಮಾಣವೂ ಪ್ರಾಣಾಂತಿಕವಾಗಬಲ್ಲದು. ಟ್ರಮಡಾಲಿಗೆ ಇನ್ನೊಂದು ದೋಷವುಂಟು: ಅಧಿಕ ಪ್ರಮಾಣದಲ್ಲಿ ಅದು ಅಪಸ್ಮಾರದಂಥ ಸೆಳವನ್ನು ತರಿಸಬಹುದು, ಮಾನಸಿಕ ಖಿನ್ನತೆಗೆ ಕೊಡುವ ಕೆಲವು ಔಷಧಿಗಳೊಡನೆ ಅದು ಸೇರಬಾರದು.

‘ಡಿಸೈನರ್ ಡ್ರಗ್’ ಎಂದರೇನು?

ಯಾವುದೇ ಮಾದಕ ವಸ್ತುವನ್ನು ಸರಕಾರವು ನಿಷೇಧಿಸುವಾಗ ಅದರ ಹೆಸರನ್ನು ಕಾನೂನಿನ ಪಟ್ಟಿಯಲ್ಲಿ ಸೇರಿಸಬೇಕಾಗುತ್ತದೆ. ಕುಶಲನಾದ ರಸಾಯನಜ್ಞನು ಆ ವಸ್ತುವಿನ ಅಣುರಚನೆಯಲ್ಲಿ ಎಲ್ಲೋ ಒಂದು ಕಡೆ ಕೆಲವು ಪರಮಾಣುಗಳನ್ನು ಸೇರಿಸಿದರೆ ಅಥವಾ ತೆಗೆದರೆ ಹೊಸ ವಸ್ತುವೊಂದು ಹುಟ್ಟುತ್ತದೆ. ಅಮಲಿನ ಗುಣ ಉಳಿಯುತ್ತದೆ, ಆದರೆ ಪಟ್ಟಿಯಲ್ಲಿ ಅದರ ಹೆಸರಿಲ್ಲ. ದರ್ಜಿಯು ಗಿರಾಕಿಯ ಅಳತೆಗೆ ಬಟ್ಟೆ ಹೊಲಿಯುವಂತೆ, ಕಾನೂನಿನ ಅಳತೆ ನೋಡಿ ಹೊಲಿದ ಇಂಥ ವಸ್ತುಗಳಿಗೆ ‘ಡಿಸೈನರ್ ಡ್ರಗ್’ ಎಂಬ ಹೆಸರು 1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಳಕೆಗೆ ಬಂದಿತು.

ಅದಕ್ಕೆ ನಿಮಿತ್ತವಾದ ಘಟನೆಗಳು ಗಮನಾರ್ಹವಾಗಿವೆ. 1979ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಕೆಲವರು ಹೆರಾಯಿನ್ ಸೇವಿಸಿದವರಂತೆಯೇ ಸತ್ತುಬಿದ್ದರು. ಆದರೆ ಪರೀಕ್ಷೆಯಲ್ಲಿ ಯಾವ ಪರಿಚಿತ ಮಾದಕವೂ ಕಂಡುಬರಲಿಲ್ಲ. ಅವರನ್ನು ಕೊಂದದ್ದು ಫೆಂಟಾನಿಲಿನ ಅಣುವಿಗೆ ಚಿಕ್ಕ ಬಾಲವೊಂದನ್ನು ಜೋಡಿಸಿ ಮಾಡಿದ ಆಲ್ಫಾ ಮಿಥೈಲ್ ಫೆಂಟಾನಿಲ್ ಎಂಬುದು ಆಮೇಲೆ ತಿಳಿಯಿತು. 1982ರಲ್ಲಿ ಅದೇ ಪ್ರಾಂತದ ಕೆಲವು ಯುವಕ ಯುವತಿಯರು ಕೆಲವೇ ದಿನಗಳಲ್ಲಿ ಮಾತಾಡಲಾರದೆ, ಅಲುಗಾಡಲಾರದೆ, ಕಲ್ಲಿನ ವಿಗ್ರಹಗಳಂತೆ ಸ್ತಬ್ಧರಾದರು. ಮುದುಕರಿಗೆ ಬರುವ ಪಾರ್ಕಿನ್ಸನ್ ರೋಗದ ಲಕ್ಷಣಗಳು ಎಳೆಯ ಪ್ರಾಯದವರಲ್ಲಿ! ಲ್ಯಾಂಗ್‌ಸ್ಟನ್ ಎಂಬ ವೈದ್ಯರು ಶೋಧಿಸಿದಾಗ ಅವರೆಲ್ಲರೂ ಪೆಥಿಡಿನನ್ನು ಹೋಲುವ ಕೃತಕ ಮಾದಕವನ್ನು ಚುಚ್ಚಿಕೊಂಡಿದ್ದರೆಂದು ಗೊತ್ತಾಯಿತು. ಕಳ್ಳ ಪ್ರಯೋಗಶಾಲೆಯ ಅಜಾಗರೂಕತೆಯಿಂದ ಅದರಲ್ಲಿ ಎಂ.ಪಿ.ಟಿ.ಪಿ. ಎಂಬ ಕಲ್ಮಷವು ಬೆರೆತಿತ್ತು. ಚಲನೆಯನ್ನು ನಿಯಂತ್ರಿಸುವ ಮೆದುಳಿನ ಜೀವಕೋಶಗಳನ್ನು ಅದು ಶಾಶ್ವತವಾಗಿ ನಾಶಪಡಿಸಿತ್ತು.

ಕಾನೂನು ಮತ್ತು ರಸಾಯನಜ್ಞರ ನಡುವಿನ ಈ ಓಟ ಇಂದಿಗೂ ನಿಂತಿಲ್ಲ. 1986ರಲ್ಲಿ ಅಮೆರಿಕವು ನಿಷಿದ್ಧ ವಸ್ತುವನ್ನು ಹೋಲುವ ವಸ್ತುಗಳಿಗೂ ಅನ್ವಯಿಸುವ ಕಾಯಿದೆ ಮಾಡಿತು. 2019ರ ಮೇ ತಿಂಗಳಿನಿಂದ ಚೀನಾ ದೇಶವು ಫೆಂಟಾನಿಲಿನ ಇಡೀ ವರ್ಗವನ್ನೇ ನಿಯಂತ್ರಣಕ್ಕೆ ಒಳಪಡಿಸಿತು. ಅದೇ ವರ್ಷ ಪಾಶ್ಚಾತ್ಯ ದೇಶಗಳಲ್ಲಿ ‘ನಿಟಾಜೀನ್’ ಎಂಬ ಬೇರೊಂದು ಕುಟುಂಬದ ಮಾದಕ ತಲೆಯೆತ್ತಿತು. ಇವು ಹೊಸ ಸೃಷ್ಟಿಯೇನೂ ಅಲ್ಲ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯು ನೋವುನಿವಾರಕಗಳೆಂದು ಶೋಧಿಸಿದ್ದವು, ಬಳಕೆಗೆ ಬಾರದೆ ಹಳೆಯ ಕಾಗದಗಳಲ್ಲಿ ಉಳಿದಿದ್ದವು. ಅಮೆರಿಕದಲ್ಲಿ 2022ರ ಒಂದೇ ವರ್ಷದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಮರಣ ಹೊಂದಿದರು. ಅವುಗಳಲ್ಲಿ 70,000ಕ್ಕೂ ಮಿಕ್ಕಿದ ಸಾವುಗಳಲ್ಲಿ ಫೆಂಟಾನಿಲಿನಂಥ ಕೃತಕ ಒಪಿಯಾಯ್ಡ್‌ಗಳು ಸೇರಿದ್ದವು.

ಠಾಣೆ ಜಿಲ್ಲೆಯ ಪತ್ರಿಕೆಗಳಲ್ಲಿ ‘ಎಂ.ಡಿ.’ ಎಂಬ ಹೆಸರಿನಿಂದ ಆಗಾಗ್ಗೆ ಕಾಣಿಸಿಕೊಳ್ಳುವ ಮೆಫೆಡ್ರೋನ್ ಸಹ ಡಿಸೈನರ್ ಡ್ರಗ್ಗೇ. ಆದರೆ ಅದು ಅಫೀಮಿನ ಬಳಗದ್ದಲ್ಲ, ಉತ್ತೇಜಕ ವರ್ಗದ್ದು. ಭಾರತದಲ್ಲಿ 2015ರ ಫೆಬ್ರವರಿಯಲ್ಲಿ ಅದನ್ನು ಮಾದಕ ವಸ್ತುಗಳ ಕಾಯಿದೆಯ ಪಟ್ಟಿಗೆ ಸೇರಿಸಲಾಯಿತು.

ಭಾರತದ ಅನುಭವ

ಅಮೆರಿಕದ ಕಳ್ಳ ಪ್ರಯೋಗಶಾಲೆಗಳ ಕಥೆಗೂ ಭಾರತದ ಕಥೆಗೂ ಒಂದು ಅಂತರವಿದೆ. ಭಾರತದಲ್ಲಿ ಕೃತಕ ಒಪಿಯಾಯ್ಡ್‌ಗಳು ಹೆಚ್ಚಾಗಿ ಹರಡಿದ್ದು ಪರವಾನಗಿ ಪಡೆದ ಕಾರ್ಖಾನೆಗಳಲ್ಲಿ ತಯಾರಾಗಿ, ಔಷಧಿ ಅಂಗಡಿಗಳ ಕಪಾಟಿನಲ್ಲಿದ್ದ ಗುಳಿಗೆಗಳ ರೂಪದಲ್ಲಿ. 1980ರ ದಶಕದಲ್ಲಿ ದೆಹಲಿ, ಕಲಕತ್ತೆಗಳಂಥ ನಗರಗಳಲ್ಲಿ ಬ್ಯೂಪ್ರೆನಾರ್ಫಿನ್ ಚುಚ್ಚುಮದ್ದು ಚಟವಾಗಿ ಹಬ್ಬಿತು. ಈಶಾನ್ಯ ರಾಜ್ಯಗಳಲ್ಲಿ ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಎಂಬ ನೋವುನಿವಾರಕದ ಕ್ಯಾಪ್ಸೂಲುಗಳನ್ನು ಬಿಚ್ಚಿ, ನೀರಿನಲ್ಲಿ ಕರಗಿಸಿ ಚುಚ್ಚಿಕೊಂಡ ತರುಣರು ಕೈಕಾಲುಗಳಲ್ಲಿ ಹುಣ್ಣಾಗಿ ನರಳಿದರು. 2013ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಆ ಔಷಧಿಯ ತಯಾರಿಕೆ ಮತ್ತು ಮಾರಾಟವನ್ನು ತಡೆಯಿತು.

ನಂತರ ಟ್ರಮಡಾಲಿನ ಸರದಿ ಬಂದಿತು. 2014ರ ಮಾರ್ಚಿನಿಂದ ಅದನ್ನು ‘ಎಚ್-1’ ಅನುಸೂಚಿಗೆ ಸೇರಿಸಲಾಯಿತು. ಆ ನಿಯಮದಂತೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಕೊಟ್ಟ ಔಷಧಿಯ ಪ್ರಮಾಣ ಇವನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು. ಅಷ್ಟು ಸಾಲದೆಂದು 2018ರ ಏಪ್ರಿಲಿನಲ್ಲಿ ಟ್ರಮಡಾಲನ್ನು 1985ರ ಮಾದಕ ವಸ್ತುಗಳ ಕಾಯಿದೆಯ ವ್ಯಾಪ್ತಿಗೇ ತರಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಂದೋರಿನ ಕಳ್ಳ ಪ್ರಯೋಗಶಾಲೆಯೊಂದರಲ್ಲಿ ಸುಮಾರು 9 ಕಿಲೋ ಫೆಂಟಾನಿಲ್ ಸಿಕ್ಕಿಬಿದ್ದಿತು.

ಟ್ರಮಡಾಲಿನ ಬಾಗಿಲು ಬಿಗಿಯಾದಂತೆ ಅದರ ದಾಯಾದಿಯಾದ ಟೆಪೆಂಟಡಾಲಿನ ಕಡೆಗೆ ಚಟಗಾರರ ದೃಷ್ಟಿ ಹೊರಳಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2020ರ ಹೊತ್ತಿಗೇ ಟೆಪೆಂಟಡಾಲ್ ಚಟದ ರೋಗಿಗಳ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. ಕಾನೂನು ಒಂದು ಹೆಸರನ್ನು ಹಿಡಿದರೆ ಚಟವು ಇನ್ನೊಂದು ಹೆಸರನ್ನು ಹಿಡಿಯುತ್ತದೆಂಬ ಕ್ಯಾಲಿಫೋರ್ನಿಯಾದ ಪಾಠವು ಇಲ್ಲಿಯೂ ನಿಜವಾಯಿತು.

2025ರ ಫೆಬ್ರವರಿಯಲ್ಲಿ ಈ ಸಮಸ್ಯೆ ಮುಂಬಯಿಯ ಬಾಗಿಲಿಗೇ ಬಂದಿತು. ಮುಂಬಯಿಯ ಒಂದು ಔಷಧ ತಯಾರಿಕಾ ಸಂಸ್ಥೆಯು ಟೆಪೆಂಟಡಾಲನ್ನೂ, ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಎಂಬ ಔಷಧಿಯನ್ನೂ ಒಂದೇ ಗುಳಿಗೆಯಲ್ಲಿ ಕೂಡಿಸಿ ಪಶ್ಚಿಮ ಆಫ್ರಿಕಾಕ್ಕೆ ಕಳುಹಿಸುತ್ತಿತ್ತೆಂದು ಬಿ.ಬಿ.ಸಿ. ಬಯಲಿಗೆಳೆಯಿತು. ಘಾನಾ, ನೈಜೀರಿಯಾ, ಐವರಿ ಕೋಸ್ಟ್ ದೇಶಗಳ ಬೀದಿಗಳಲ್ಲಿ ಯುವಜನರು ಅದನ್ನು ಅಮಲಿಗಾಗಿ ನುಂಗುತ್ತಿದ್ದರು. ಎರಡೂ ಔಷಧಿಗಳಿಗೆ ಬೇರೆ ಬೇರೆಯಾಗಿ ಭಾರತದಲ್ಲಿ ಅನುಮತಿಯುಂಟು. ಕೂಡಿಸಿದ ಗುಳಿಗೆಗೆ ಅನುಮತಿಯಿಲ್ಲ. ಕೇಂದ್ರ ಮತ್ತು ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳು ತಪಾಸಣೆ ನಡೆಸಿ ತಯಾರಿಕೆಯನ್ನು ನಿಲ್ಲಿಸಿದರು, ಒಂದು ಕೋಟಿಗೂ ಮೇಲ್ಪಟ್ಟ ಗುಳಿಗೆಗಳ ದಾಸ್ತಾನನ್ನು ತಡೆಹಿಡಿದರು. ಈ ಮಿಶ್ರಣದ ರಫ್ತಿಗೆ ಕೊಟ್ಟಿದ್ದ ಅನುಮತಿಗಳೆಲ್ಲ ರದ್ದಾದವು. ಅನ್ಯರ ಮಕ್ಕಳನ್ನು ಹಾಳುಮಾಡುವ ವ್ಯಾಪಾರದಲ್ಲಿ ಲಾಭವೆಂಬ ಶಬ್ದಕ್ಕೆ ಅರ್ಥವಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನರು ಅಫೀಮು ಬಳಗದ ವಸ್ತುಗಳನ್ನು ಸೇವಿಸುತ್ತಿದ್ದರು. ಜನಸಂಖ್ಯೆಯ ಶೇಕಡಾವಾರು ಲೆಕ್ಕದಲ್ಲಿ ಹೆರಾಯಿನ್ ಸೇವಿಸುವವರು 1.14, ಔಷಧಿ ರೂಪದ ಒಪಿಯಾಯ್ಡ್ ಸೇವಿಸುವವರು 0.96, ಅಫೀಮು ಸೇವಿಸುವವರು 0.52. ಗುಳಿಗೆಯು ಅಫೀಮನ್ನು ಹಿಂದಕ್ಕೆ ಹಾಕಿ ಹೆರಾಯಿನಿನ ಹತ್ತಿರ ಬಂದು ನಿಂತಿರುವುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಮನೆಯೊಳಗೆ ಬರುವ ಬಗೆ

ಮುಂಬಯಿಯ ಉಪನಗರದ ಸಾಧಾರಣ ಸಂಸಾರಕ್ಕೆ ಈ ಗುಳಿಗೆಯು ಕಳ್ಳಸಾಗಣೆಗಾರನ ಕೈಯಿಂದ ಬರುವುದು ಅಪರೂಪ. ಅದು ಒಳ್ಳೆಯ ಉದ್ದೇಶದ ಬೆನ್ನೇರಿ ಬರುತ್ತದೆ. ಕಾಲು ಮುರಿದಾಗಲೋ, ಹರ್ನಿಯಾ ಶಸ್ತ್ರಚಿಕಿತ್ಸೆಯಾದಾಗಲೋ ಐದು ದಿನಕ್ಕೆಂದು ವೈದ್ಯರು ಬರೆದ ಚೀಟಿಯನ್ನು ರೋಗಿಯು ಕಿಸೆಯಲ್ಲಿಟ್ಟುಕೊಂಡು ಐದು ತಿಂಗಳು ತೋರಿಸುತ್ತಾನೆ. ಪರಿಚಯದ ಅಂಗಡಿಯಾದರೆ ಚೀಟಿಯ ಮಾತೇ ಏಳುವುದಿಲ್ಲ. ಪಕ್ಕದ ಮನೆಯವರು “ನನಗೆ ಇದರಿಂದ ಗುಣವಾಯಿತು, ನೀವೂ ತೆಗೆದುಕೊಳ್ಳಿ” ಎಂದು ಅರ್ಧ ಪಟ್ಟಿಯನ್ನು ಕೊಡುತ್ತಾರೆ. ಗುಳಿಗೆ ನುಂಗಿದ ದಿನ ಲೋಕಲ್ ಗಾಡಿಯ ನೂಕುನುಗ್ಗಲು ಹಗುರವೆನಿಸುತ್ತದೆ, ರಾತ್ರಿಯ ಚಿಂತೆ ದೂರವಾಗುತ್ತದೆ. ಸೊಂಟನೋವು ಮಾಯವಾದ ಮೇಲೂ ಆ ಹಗುರತನಕ್ಕಾಗಿ ಕೈ ಗುಳಿಗೆಯ ಕಡೆಗೆ ಹೋಗುವುದೇ ಚಟದ ಮೊದಲ ಮೆಟ್ಟಿಲು.

ಹೊರನಾಡ ಕನ್ನಡಿಗರು ವಿಶೇಷವಾಗಿ ಯೋಚಿಸಬೇಕಾದ ಇನ್ನೊಂದು ದಾರಿಯುಂಟು. ದೀಪಾವಳಿಗೋ ಊರಹಬ್ಬಕ್ಕೋ ಊರಿಗೆ ಹೊರಡುವಾಗ ವೃದ್ಧ ತಾಯಿಯ ಮಂಡಿನೋವಿಗೆಂದು ಮುಂಬಯಿಯಿಂದ ಹತ್ತಾರು ಪಟ್ಟಿ ಗುಳಿಗೆಗಳನ್ನು ಕೊಂಡೊಯ್ಯುವ ಮಕ್ಕಳು ಇದ್ದಾರೆ. ಪ್ರೀತಿಯಿಂದ ಒಯ್ದ ಆ ಪಟ್ಟಿಯಲ್ಲಿ ಟ್ರಮಡಾಲ್ ಇದ್ದರೆ, ಆ ವಯಸ್ಸಿನಲ್ಲಿ ಅದು ಮಂಪರು ತರಿಸಿ ಬಚ್ಚಲಿನಲ್ಲಿ ಜಾರಿ ಬೀಳಿಸಬಹುದು, ತೀವ್ರ ಮಲಬದ್ಧತೆಯುಂಟುಮಾಡಬಹುದು, ಬುದ್ಧಿಭ್ರಮೆಯನ್ನೂ ತರಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಔಷಧಿಯು ದೇಹದಲ್ಲಿಯೇ ಉಳಿದು ಅಪಾಯ ಇಮ್ಮಡಿಸುತ್ತದೆ. ಉಳಿದ ಗುಳಿಗೆಗಳು ಮನೆಯ ಹದಿಹರೆಯದವರ ಕೈಗೆ ಸಿಗುವ ಸಂಭವವೂ ಇದೆ.

ಭಯವೇ ಪರಿಹಾರವಲ್ಲ

ಇಷ್ಟು ಓದಿದವರು ಅಫೀಮು ಬಳಗದ ಔಷಧಿಗಳೆಲ್ಲ ವಿಷವೆಂದು ತೀರ್ಮಾನಿಸಿದರೆ ಅದು ಇನ್ನೊಂದು ಅನ್ಯಾಯ. ಕ್ಯಾನ್ಸರಿನ ಕೊನೆಯ ಹಂತದ ಯಾತನೆಗೆ, ಭೀಕರ ಸುಟ್ಟಗಾಯಗಳಿಗೆ, ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಇವುಗಳಷ್ಟು ಸಮರ್ಥವಾದ ಔಷಧಿ ಇನ್ನೂ ಬಂದಿಲ್ಲ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮವನ್ನು ಸೂಚಿಸಿ, ಮೇಲಿನ ಮೆಟ್ಟಿಲಿನಲ್ಲಿ ಮಾರ್ಫಿನನ್ನು ಇರಿಸಿತು. ಅದೇ ವರ್ಷ ಮುಂಬಯಿಯ ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನವು ಗುಣವಾಗದ ಕ್ಯಾನ್ಸರ್ ರೋಗಿಗಳ ಶುಶ್ರೂಷೆಗಾಗಿ ಆರಂಭವಾಯಿತು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿಯೂ ನೋವು ಶಮನಕ್ಕಾಗಿ ಪ್ರತ್ಯೇಕ ವಿಭಾಗವಿದೆ.

1985ರ ಕಾಯಿದೆಯ ಕಠಿಣ ನಿಯಮಗಳಿಂದಾಗಿ ಆಸ್ಪತ್ರೆಗಳು ಮಾರ್ಫಿನನ್ನು ಇಟ್ಟುಕೊಳ್ಳಲು ಹಲವು ಪರವಾನಗಿಗಳನ್ನು ಪಡೆಯಬೇಕಾಗಿದ್ದು, ಅನೇಕ ರೋಗಿಗಳು ಔಷಧಿಯಿಲ್ಲದೆ ನರಳಿ ಸತ್ತರು. 2014ರ ತಿದ್ದುಪಡಿಯು ಮಾರ್ಫಿನ್, ಫೆಂಟಾನಿಲ್ ಮೊದಲಾದ ಅತ್ಯಗತ್ಯ ಔಷಧಿಗಳಿಗೆ ದೇಶಾದ್ಯಂತ ಏಕರೂಪದ ಸರಳ ನಿಯಮವನ್ನು ತಂದಿತು. ಆದ್ದರಿಂದ ಕ್ಯಾನ್ಸರ್ ತಜ್ಞರು ಮಾರ್ಫಿನ್ ಬರೆದುಕೊಟ್ಟಾಗ “ಚಟವಾದೀತು” ಎಂದು ಹೆದರಿ ತಂದೆಗೋ ತಾಯಿಗೋ ಅದನ್ನು ಕೊಡದಿರುವುದು ದಯೆಯಲ್ಲ. ಪ್ರಶ್ನೆ ಔಷಧಿ ಒಳ್ಳೆಯದೋ ಕೆಟ್ಟದ್ದೋ ಎಂಬುದಲ್ಲ. ಯಾರಿಗೆ, ಯಾವ ನೋವಿಗೆ, ಎಷ್ಟು ದಿನ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದು.

ಗೃಹಸ್ಥರು ಪಾಲಿಸಬೇಕಾದ ನಿಯಮಗಳು

1. ನೋವಿನ ಗುಳಿಗೆಯನ್ನು ಕೊಳ್ಳುವಾಗ ಪಟ್ಟಿಯ ಮೇಲಿನ ದೊಡ್ಡ ಅಕ್ಷರದ ವ್ಯಾಪಾರಿ ಹೆಸರನ್ನಲ್ಲ, ಕೆಳಗಿನ ಚಿಕ್ಕ ಅಕ್ಷರದ ಔಷಧಿ ಹೆಸರನ್ನು ಓದಬೇಕು. ಟ್ರಮಡಾಲ್, ಟೆಪೆಂಟಡಾಲ್, ಕೋಡೀನ್ ಎಂದಿದ್ದರೆ ಅದು ಎರಡನೆಯ ಪಂಗಡದ್ದು. ಕೆಂಪು ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಕಡೆಗಣಿಸಬಾರದು.

2. ವೈದ್ಯರನ್ನು “ಇದು ಎಷ್ಟು ದಿನ?” ಎಂದು ಕೇಳಿ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು. ಅವಧಿ ಮುಗಿದ ಮೇಲೂ ನೋವಿದ್ದರೆ ಹಳೆಯ ಚೀಟಿಯನ್ನಲ್ಲ, ವೈದ್ಯರನ್ನೇ ಮತ್ತೆ ಕಾಣಬೇಕು.

3. ಇಂಥ ಗುಳಿಗೆಗಳ ಲೆಕ್ಕವಿರಬೇಕು. ತಿಜೋರಿಯ ಹಣವನ್ನು ಎಣಿಸಿಡುವವರು ಕಪಾಟಿನ ಗುಳಿಗೆಯನ್ನು ಎಣಿಸದಿರುವುದು ಆಶ್ಚರ್ಯ. ಎಣಿಕೆ ತಪ್ಪಿದ ದಿನವೇ ಕಾರಣವನ್ನು ವಿಚಾರಿಸಬೇಕು.

4. ಉಳಿದವನ್ನು ಮನೆಯಲ್ಲಿ ಇಡಬಾರದು, ಬೇರೆಯವರಿಗೆ ಕೊಡಬಾರದು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಟ್ರಮಡಾಲ್, ಟೆಪೆಂಟಡಾಲ್, ಫೆಂಟಾನಿಲ್ ಮುಂತಾದ 17 ಔಷಧಿಗಳನ್ನು ಕಸದ ಬುಟ್ಟಿಗೆ ಎಸೆಯದೆ ಶೌಚಾಲಯದಲ್ಲಿ ನೀರಿನೊಡನೆ ಹರಿಯಬಿಡಬೇಕೆಂದು ಹೇಳುತ್ತದೆ.

5. ಮದ್ಯ, ನಿದ್ರೆಯ ಗುಳಿಗೆ ಇವುಗಳೊಡನೆ ಎಂದಿಗೂ ಸೇವಿಸಬಾರದು.

6. ಬಹುಕಾಲ ಸೇವಿಸಿದವರು ಹಠಾತ್ತನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ಪ್ರಮಾಣವನ್ನು ಕ್ರಮವಾಗಿ ಇಳಿಸಬೇಕು.

7. ದೀರ್ಘಕಾಲದ ಸೊಂಟನೋವಿಗೆ ನಿಜವಾದ ಮದ್ದು ಗುಳಿಗೆಯಲ್ಲಿಲ್ಲ. ವ್ಯಾಯಾಮ, ಫಿಸಿಯೋಥೆರಪಿ, ಕೂರುವ ನಿಲ್ಲುವ ಕ್ರಮದ ಸುಧಾರಣೆ, ದೇಹದ ತೂಕದ ಹತೋಟಿ ಇವುಗಳಲ್ಲಿದೆ.

ತುರ್ತು ಪ್ರಸಂಗ ಮತ್ತು ಚಿಕಿತ್ಸೆ

ಕರೆದರೂ ಎಚ್ಚರಗೊಳ್ಳದ ಸ್ಥಿತಿ, ಬಹು ನಿಧಾನವಾದ ಅಥವಾ ಗೊರಗೊರ ಉಸಿರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ನೀಲಿಗಟ್ಟಿದ ತುಟಿ ಉಗುರು ಇವು ಅತಿಸೇವನೆಯ ಚಿಹ್ನೆಗಳು. ಕೂಡಲೇ 108ಕ್ಕೆ ದೂರವಾಣಿ ಮಾಡಬೇಕು. ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಬಳಿಯಲ್ಲಿಯೇ ಇದ್ದು ಉಸಿರನ್ನು ಗಮನಿಸುತ್ತಿರಬೇಕು. ಯಾವ ಗುಳಿಗೆ, ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿ ಖಾಲಿ ಪಟ್ಟಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ನಲೋಕ್ಸೋನ್ ಎಂಬ ಚುಚ್ಚುಮದ್ದು ಬೀಗದಿಂದ ಕೀಲಿಕೈಯನ್ನು ಕಿತ್ತೆಸೆಯುವಂತೆ ಕೆಲಸ ಮಾಡಿ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು. ಮರ್ಯಾದೆಗೆ ಅಂಜಿ ಸುಳ್ಳು ಹೇಳಿದರೆ ಆ ನಿಮಿಷಗಳು ಕೈತಪ್ಪುತ್ತವೆ.

ಚಟವು ಸಂಪಾದನೆಯನ್ನು ನುಂಗುವ ಮುನ್ನವೇ ಕೆಲವು ಸೂಚನೆಗಳನ್ನು ಕೊಡುತ್ತದೆ: ಒಂದಕ್ಕಿಂತ ಹೆಚ್ಚು ವೈದ್ಯರ ಚೀಟಿಗಳು, ಬೇರೆ ಬೇರೆ ಸ್ಟೇಷನ್ನುಗಳ ಔಷಧಿ ಅಂಗಡಿಗಳ ಬಿಲ್ಲುಗಳು, ಕಾರಣ ಹೇಳದ ಕೈಸಾಲ, ಹಗಲುಹೊತ್ತಿನ ತೂಕಡಿಕೆ, ಗುಳಿಗೆಯ ಮಾತೆತ್ತಿದರೆ ಸಿಡುಕು. ಇದನ್ನು ಕಂಡ ಮನೆಯವರು ಬೈದು, ಹೊಡೆದು, ಕೋಣೆಯಲ್ಲಿ ಕೂಡಿಹಾಕಿ ಸರಿಪಡಿಸಲು ಯತ್ನಿಸುವುದು ನಿಷ್ಫಲ. ವ್ಯಸನವು ಶೀಲದ ದೋಷವಲ್ಲ, ಮೆದುಳಿನ ಕಾಯಿಲೆ; ಅದಕ್ಕೆ ಚಿಕಿತ್ಸೆಯುಂಟು. ಒಂದು ಕಾಲಕ್ಕೆ ಚಟವಾಗಿ ಹಬ್ಬಿದ್ದ ಬ್ಯೂಪ್ರೆನಾರ್ಫಿನ್ ಇಂದು ವೈದ್ಯರ ಮೇಲ್ವಿಚಾರಣೆಯಲ್ಲಿ ಅದೇ ಚಟವನ್ನು ಬಿಡಿಸುವ ಔಷಧಿಯಾಗಿರುವುದು ಈ ಶಾಸ್ತ್ರದ ಒಂದು ಸೋಜಿಗ. 1981ರಲ್ಲಿ ಬಾಂದ್ರಾದಲ್ಲಿ ಆರಂಭವಾದ ಕೃಪಾ ಫೌಂಡೇಶನ್, 1986ರಲ್ಲಿ ಪುಣೆಯಲ್ಲಿ ಡಾ. ಅನಿತಾ ಮತ್ತು ಡಾ. ಅನಿಲ್ ಅವಚಟ ದಂಪತಿಗಳು ಸ್ಥಾಪಿಸಿದ ಮುಕ್ತಾಂಗಣ, ಬೆಂಗಳೂರಿನ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ಕೇಂದ್ರ ಮೊದಲಾದವು ಸಾವಿರಾರು ಸಂಸಾರಗಳಿಗೆ ಆಸರೆಯಾಗಿವೆ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಶುಲ್ಕವಿಲ್ಲದೆ ಕರೆಮಾಡಬಹುದು. ಅಲ್ಪ ಪ್ರಮಾಣದ ಸೇವನೆಯ ಅಪರಾಧಕ್ಕೆ ಒಳಗಾದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಕಾಯಿದೆಯೇ ಅವನಿಗೆ ರಕ್ಷಣೆ ನೀಡುತ್ತದೆ ಎಂಬುದನ್ನೂ ತಿಳಿದಿರಬೇಕು.

ರಸಾಯನಜ್ಞರು ನಾಳೆಯೂ ಹೊಸ ಅಣುಗಳನ್ನು ಸೃಷ್ಟಿಸುವರು. ಸರಕಾರವು ಅವುಗಳನ್ನು ಪಟ್ಟಿಗೆ ಸೇರಿಸಲು ಕಾಲ ಹಿಡಿಯುವುದು. ಆ ಮಧ್ಯದ ಕಾಲದಲ್ಲಿ ಸಂಸಾರವನ್ನು ಕಾಯಬಲ್ಲದ್ದು ಮನೆಯವರ ಎಚ್ಚರ ಮಾತ್ರ. ಗುಳಿಗೆಯ ಹೆಸರನ್ನು ಓದುವ ಅಭ್ಯಾಸ, ಅವಧಿಯನ್ನು ಕೇಳುವ ಧೈರ್ಯ, ತಪ್ಪಿದ ಎಣಿಕೆಯನ್ನು ಗಮನಿಸುವ ಕಣ್ಣು, ದಾರಿ ತಪ್ಪಿದವನನ್ನು ದೂರ ತಳ್ಳದೆ ವೈದ್ಯರ ಬಳಿಗೆ ಕರೆದೊಯ್ಯುವ ಅಂತಃಕರಣ ಇವಿಷ್ಟಿದ್ದರೆ ನೋವು ನೀಗುವ ಸಾಲವು ಬಾಳನ್ನೇ ಒತ್ತೆಯಾಗಿ ಕೇಳುವ ಮಟ್ಟಕ್ಕೆ ಬೆಳೆಯಲಾರದು.